ಹಳೇ ಮನೆಗೆ ಹೂವಿನ ಚೀಟಿ ಬಟ್ಟೆ: ಶಿರಸಿಯ ಮಳೆ, ಕಾರವಾರದ ಉಪ್ಪುಗಾಳಿ ತಾಳುತ್ತದಾ?

ಅಂಗಳದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ 12 ಕಿಲೋಮೀಟರ್ ಒಳಗೆ ನಮ್ಮ ಅಮ್ಮಮ್ಮನ ಮನೆ ಇದೆ. ಐದು ವರ್ಷ ಬಾಗಿಲು ಹಾಕಿಯೇ ಇತ್ತು. ಈ ಬೇಸಿಗೆಯಲ್ಲಿ ಹೆಂಚು ಕೈಯಾಡಿಸಿದೆವು. ಜಗುಲಿಯ ಕೆಂಪು ನೆಲ ತಿಕ್ಕಿಸಿದೆವು. ಇನ್ನು ಮುಂದೆ ನಾವು ಅಲ್ಲೇ ಇರುವುದು.

ಮೆತ್ತಿನ ಮೇಲಿನ ಟ್ರಂಕು ತೆಗೆದಾಗ ಒಂದು ದಿಂಬಿನ ಕವರ್ ಸಿಕ್ಕಿತು. ಕೆನೆ ಬಣ್ಣದ ಹತ್ತಿ ಬಟ್ಟೆ. ಅದರ ತುಂಬ ಕೆಂಪು ಗುಲಾಬಿ, ಬೂದು ಹಸಿರಿನ ಎಲೆ. ಹತ್ತಿರ ಹಿಡಿದು ನೋಡಿದೆ. ಕೆಂಪು ಬಣ್ಣ ಕಪ್ಪು ಗೆರೆಯಿಂದ ಒಂದು ಕೂದಲೆಳೆಯಷ್ಟು ಆಚೆ ಸರಿದಿದೆ. ಒಂದು ಮೂಲೆಯಲ್ಲಿ ಗುಲಾಬಿಯ ದಂಟು ಎರಡೆರಡು ಸಲ ಬಿದ್ದಿದೆ. ಅಂಚು ಕೈಹೊಲಿಗೆ. ಒಳಗೆ ಲಾವಂಚದ ಬೇರು ಇಟ್ಟಿದ್ದರು, ವಾಸನೆ ಇನ್ನೂ ಹೋಗಿಲ್ಲ. ಆಯಿಯನ್ನು, ಅಂದರೆ ನನ್ನ ಅಮ್ಮನನ್ನು ಕೇಳಿದರೆ, "ಅದು ಚೀಟಿ ಬಟ್ಟೆ, ನನ್ನ ಬಾಣಂತನದಲ್ಲಿ ಅದೇ ದಿಂಬು ಇತ್ತು" ಅಂದರು.

ಆ ಕವರ್ ನೋಡಿದ ಮೇಲೆ ಮನೆಗೆ ಬೇರೆ ತರಹದ ಬಟ್ಟೆ ಹಾಕಲು ಮನಸ್ಸೇ ಬರುತ್ತಿಲ್ಲ. ನಾಲ್ಕು ಕಿಟಕಿ, ಒಂದು ಹಳೇ ಮಂಚ, ಅಜ್ಜನ ಆರಾಮ ಕುರ್ಚಿ, ಜಗುಲಿಯ ಬೆಂಚು ಇಷ್ಟಿದೆ. ಎಲ್ಲದಕ್ಕೂ ಹೀಗೆ ಹಳೇ ಕಾಲದ ಹೂವಿನ ಅಚ್ಚಿನ ಬಟ್ಟೆ ಹಾಕಬೇಕು ಅಂತ ಆಸೆ. ಆದರೆ ಜೂನ್ ಬಂದರೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ಮಾಡಿದವರು ಯಾರಾದರೂ ಇದ್ದರೆ ದಾರಿ ಹೇಳಿ.

ಕಾಳಿದಂಡೆ (ಕಾರವಾರ)

ತಂಗಿ, ಮೊದಲು ಆ ಕವರನ್ನು ಜೋಪಾನ ಮಾಡು. ಬಳಸಬೇಡ. ತೊಳೆದು ನೆರಳಲ್ಲಿ ಒಣಗಿಸಿ, ಬಿಳೀ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡು.

ನಾನು ಕಾರವಾರದಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸದಲ್ಲಿ ಬಿದ್ದಿದ್ದೇನೆ. ಮನೆಯ ಪಡುವಣ ಕಿಟಕಿ ಸೀದಾ ಸಮುದ್ರಕ್ಕೆ. ಮೊದಲ ವರ್ಷ ಹಿಂದೆ ರಬ್ಬರಿನಂಥ ಪದರ ಇರುವ ದಪ್ಪ ಹೂವಿನ ಪರದೆ ಕೊಂಡಿದ್ದೆ. ಬಿಸಿಲು ಒಂಚೂರೂ ಒಳಗೆ ಬರುವುದಿಲ್ಲ ಅಂದಿದ್ದರು. ಒಂದೇ ಮಳೆಗಾಲ. ಆ ಪದರ ಮಡಿಕೆ ಮಡಿಕೆಗೆ ಅಂಟಿಕೊಂಡಿತು. ಬಿಡಿಸಲು ಹೋದರೆ ಹಪ್ಪಳದ ಹಾಗೆ ಎದ್ದು ಬಂತು. ಹೂವು ಚೆನ್ನಾಗಿಯೇ ಇತ್ತು, ಪರದೆ ಎಸೆಯಬೇಕಾಯಿತು. ಆವತ್ತು ತುಂಬ ಬೇಜಾರಾಗಿತ್ತು.

ಈಗ ನಾನು ಮಾಡುವುದು ಇಷ್ಟು. ಮುಂದೆ ಅಚ್ಚಿನ ಹತ್ತಿ ಬಟ್ಟೆ, ಹಿಂದೆ ಮಾಂಜರಪಾಟದ, ಅಂದರೆ ಒರಟು ಹತ್ತಿ ಬಟ್ಟೆಯ ಅಸ್ತರ್. ಅಸ್ತರ್ ಕೆಳಗೆ ಹೊಲಿಯಬೇಡಿ, ಮೇಲೆ ಮಾತ್ರ ಸೇರಿಸಿ. ಗಾಳಿ ನಡುವೆ ಓಡಾಡಬೇಕು. ಬಿಸಿಲು ಅಸ್ತರನ್ನು ತಿನ್ನುತ್ತದೆ, ಹೂವು ಉಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಅಸ್ತರ್ ಬದಲಿಸಿದರೆ ಆಯಿತು. ಸರಳು ಕಬ್ಬಿಣದ್ದು ಬೇಡವೇ ಬೇಡ. ಉಪ್ಪುಗಾಳಿಗೆ ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಕಲೆ ಕೂರುತ್ತದೆ. ಅದು ಹೋಗುವುದಿಲ್ಲ. ಮರದ ಕೋಲು ಒಳ್ಳೆಯದು, ನಿಮ್ಮಲ್ಲಿ ಮರಕ್ಕೇನು ಬರ!

ಇನ್ನೊಂದು ಮಾತು. ಎಲ್ಲದಕ್ಕೂ ಹೂವು ಹಾಕುತ್ತೇನೆ ಅನ್ನಬೇಡ. ಒಂದು ಕೋಣೆಯಲ್ಲಿ ಒಂದು ದೊಡ್ಡ ಹೂವು ಇದ್ದರೆ ಉಳಿದದ್ದು ಅದರ ಜೊತೆ ಹೋಗುವ ಪಟ್ಟೆ, ಚುಕ್ಕಿ, ಖಾಲಿ ಬಣ್ಣ ಇರಲಿ. ಗುಲಾಬಿಯ ಹಿಂದೆ ಗುಲಾಬಿ ಇಟ್ಟರೆ ಯಾವುದೂ ಕಾಣುವುದಿಲ್ಲ.

ಬಿಳಿಗೋಡೆ (ಅಂಕೋಲಾ)

ನನ್ನ ಅಭಿಪ್ರಾಯ ಬೇರೆ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಬೆಳಕೇ ಕಮ್ಮಿ. ಕಿಟಕಿ ಸಣ್ಣದು, ಸೂರು ಕೆಳಗೆ, ಕಂಬ ತೊಲೆ ಎಲ್ಲ ಕಪ್ಪು. ನೆಲ ಕೆಂಪು. ಅಷ್ಟಿರುವಾಗ ಕಿಟಕಿಗೂ ಹೂವಿನ ಬಟ್ಟೆ ಕಟ್ಟಿದರೆ ಹಗಲಲ್ಲೂ ದೀಪ ಹಾಕಬೇಕಾಗುತ್ತದೆ. ನಾನು ನಮ್ಮ ಮನೆಗೆ ಬರೀ ಬಿಳೀ ಪಂಚೆ ಬಟ್ಟೆ ಕಟ್ಟಿದ್ದೇನೆ. ಬೆಳಗಿನ ಬಿಸಿಲು ಅದರ ಮೂಲಕ ನೆಲಕ್ಕೆ ಬೀಳುವುದನ್ನು ನೋಡಬೇಕು. ಆ ಮನೆಗೆ ಅದರದ್ದೇ ಚಂದ ಇದೆ. ಯಾಕೆ ಇಂಗ್ಲಿಷರ ಬಂಗಲೆ ಮಾಡಬೇಕು?

ಅಂಗಳದಮನೆ (ಶಿರಸಿ)

ನೀವು ಹೇಳಿದ್ದು ಬೆಳಕಿನ ವಿಷಯದಲ್ಲಿ ಸರಿ. ನಾನು ಅದನ್ನು ಯೋಚಿಸಿರಲಿಲ್ಲ. ಆದರೆ ಅಮ್ಮಮ್ಮನ ದಿಂಬಿನ ಮೇಲೆ ಇದ್ದ ಹೂವು ಇಂಗ್ಲಿಷರದ್ದು ಅಂತ ನನಗೆ ಅನಿಸುವುದಿಲ್ಲ.

ಮಾಸ್ತರು (ಹೊನ್ನಾವರ)

ಅನಿಸಬೇಕಾಗಿಯೂ ಇಲ್ಲ. ಇಂಥ ಹೂವಿನ ಅಚ್ಚಿನ ಬಟ್ಟೆಗೆ ಇಂಗ್ಲಿಷರು ಚಿಂಟ್ಜ್ ಅನ್ನುವುದು ನಮ್ಮ ಕಡೆಯ ಮಾತನ್ನೇ. ಹಿಂದಿಯ ಛೀಂಟ್, ಅಂದರೆ ಚಿಮುಕಿಸಿದ್ದು. ಕನ್ನಡದಲ್ಲಿ ನಮ್ಮ ಹಿರಿಯರು ಅದನ್ನೇ ಚೀಟಿ ಅಂದರು. ನಿಮ್ಮ ಆಯಿ ಆಡಿದ ಮಾತು ಅದೇ.

ಪೂರ್ವ ಕರಾವಳಿಯಲ್ಲಿ, ಮಚಲೀಪಟ್ಟಣದ ಸುತ್ತ, ಹತ್ತಿ ಬಟ್ಟೆಗೆ ಕುಂಚದಿಂದಲೂ ಅಚ್ಚಿನಿಂದಲೂ ಹೂಬಳ್ಳಿ ಬಿಡಿಸುತ್ತಿದ್ದರು. 17ನೇ ಶತಮಾನದಲ್ಲಿ ಡಚ್ಚರು, ಇಂಗ್ಲಿಷರು ಅದನ್ನು ಹಡಗು ತುಂಬಿ ಒಯ್ದರು. ಮಂಚದ ಮೇಲೆ ಹಾಸುವ ಪಲಂಗ್‌ಪೋಶ್ ಅಲ್ಲಿ ಪಲಂಪೋರ್ ಆಯಿತು. ನಡುವೆ ಒಂದು ದೊಡ್ಡ ಮರ, ಕೊಂಬೆ ಕೊಂಬೆಗೆ ಬೇರೆ ಬೇರೆ ಹೂವು. ಯುರೋಪಿನ ಜನ ಅಲ್ಲಿಯವರೆಗೆ ತೊಳೆದರೂ ಬಣ್ಣ ಬಿಡದ ಹೂವಿನ ಹತ್ತಿ ಬಟ್ಟೆಯನ್ನು ಹೀಗೆ ಕಂಡಿರಲಿಲ್ಲ. ಎಲ್ಲರೂ ಮುಗಿಬಿದ್ದರು. ಅಲ್ಲಿಯ ಉಣ್ಣೆ, ರೇಷ್ಮೆ ನೇಕಾರರ ಹೊಟ್ಟೆಗೆ ಪೆಟ್ಟು ಬಿತ್ತು. ಫ್ರಾನ್ಸ್ 1686ರಲ್ಲಿ ಇಂಥ ಬಟ್ಟೆಯನ್ನೇ ನಿಷೇಧಿಸಿತು. ಆ ನಿಷೇಧ 1759ರವರೆಗೆ ನಡೆಯಿತು. ಇಂಗ್ಲೆಂಡ್ 1700ರ ಕಾಯ್ದೆಯಲ್ಲಿ ಆಮದು ತಡೆಯಿತು. ಅಷ್ಟಕ್ಕೂ ನಿಲ್ಲಲಿಲ್ಲ ಅಂತ 1721ರಲ್ಲಿ ಇನ್ನೊಂದು ಕಾಯ್ದೆ ತಂದು, ಉಡುವುದಕ್ಕೂ ಇಲ್ಲ, ಹಾಸಿಗೆ ಕುರ್ಚಿ ಕಿಟಕಿಗೆ ಬಳಸುವುದಕ್ಕೂ ಇಲ್ಲ ಅಂದಿತು. ಅದನ್ನು ತೆಗೆದದ್ದು 1774ರಲ್ಲಿ. ಅಷ್ಟು ಹೊತ್ತಿಗೆ ಅವರು ತಾವೇ ಅಚ್ಚು ಹಾಕಲು ಕಲಿತಿದ್ದರು. ಮುಂದೆ ತಾಮ್ರದ ಉರುಳೆ ಬಂತು, ಗಿರಣಿ ಬಂತು, ಅಲ್ಲಿಯ ಗುಲಾಬಿ ಇಲ್ಲಿಯ ಪೇಟೆಗೆ ಬಂತು. ಅದೇ ದಾರಿಯಲ್ಲಿ ನಿಮ್ಮ ಅಮ್ಮಮ್ಮನ ದಿಂಬಿಗೂ ಬಂದಿರಬೇಕು.

ಕಾರವಾರಕ್ಕೂ ಬಟ್ಟೆ ವ್ಯಾಪಾರದ ನಂಟು ಇದೆ. 1638ರಲ್ಲೇ ಅಲ್ಲಿ ಇಂಗ್ಲಿಷ್ ವ್ಯಾಪಾರಿಗಳ ಕೋಠಿ ಇತ್ತು. ಹುಬ್ಬಳ್ಳಿ ಕಡೆಯ ಮಗ್ಗದ ತೆಳು ಮಸ್ಲಿನ್ ಘಟ್ಟ ಇಳಿದು ಕಾರವಾರದಲ್ಲಿ ಹಡಗು ಹತ್ತುತ್ತಿತ್ತು. ಅದು ಅಚ್ಚಿನ ಬಟ್ಟೆಯಲ್ಲ, ಬಿಳೀ ಬಟ್ಟೆ. ಹಾಗಾಗಿ ಅಂಕೋಲೆಯವರ ಬಿಳೀ ಪರದೆಯೂ ಈ ನೆಲದ್ದೇ ಅನ್ನಿ.

ಅಂಗಳದಮನೆ (ಶಿರಸಿ)

ಮಾಸ್ತರೇ, ಇದನ್ನು ಆಯಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ಆ ಕಾಲದಲ್ಲಿ ಬಣ್ಣ ಹೇಗೆ ಗಟ್ಟಿ ನಿಲ್ಲುತ್ತಿತ್ತು?

ಮಾಸ್ತರು (ಹೊನ್ನಾವರ)

ನಿಮ್ಮ ಆಯಿಗೆ ಉತ್ತರ ಆಗಲೇ ಗೊತ್ತಿದೆ. ಅಡಿಕೆ ಸುಲಿಯುವಾಗ ಚೊಗರು, ಅಂದರೆ ಅದರ ಒಗರು ರಸ, ಅಂಗಿಗೆ ಹಿಡಿದರೆ ಹೋಗುತ್ತದಾ? ಮೆಟ್ಟುಗತ್ತಿಯ ಮುಂದೆ ಕೂತವರ ಕೈ ಕಪ್ಪಾಗುತ್ತದೆ ಅಲ್ವಾ? ಕಲಂಕಾರಿಯ, ಅಂದರೆ ಆ ಕುಂಚ, ಅಚ್ಚಿನ ಹೂಬಟ್ಟೆಯ ಗುಟ್ಟು ಅದರಲ್ಲೇ ಇದೆ.

ಅಡಿಕೆಯಲ್ಲಿ ಇರುವ ಒಗರೇ ನಮ್ಮ ಕಾಡಿನ ಅಣಲೆಕಾಯಿಯಲ್ಲೂ ಇದೆ, ಇನ್ನೂ ಜಾಸ್ತಿ. ಕಲಂಕಾರಿಯವರು ಬಟ್ಟೆಯನ್ನು ಮೊದಲು ಅಣಲೆಕಾಯಿ ಪುಡಿ, ಎಮ್ಮೆ ಹಾಲು ಕಲಸಿದ ನೀರಲ್ಲಿ ಅದ್ದಿ ಒಣಗಿಸುತ್ತಾರೆ. ಹಾಲಿನ ಜಿಡ್ಡು ಇದ್ದರೆ ಬಣ್ಣ ಹರಡುವುದಿಲ್ಲ. ಆಮೇಲೆ ಕಬ್ಬಿಣದ ಚೂರು, ಬೆಲ್ಲ ನೀರಲ್ಲಿ ಹಾಕಿ ದಿನಗಟ್ಟಲೆ ಹುಳಿ ಬರಿಸುತ್ತಾರೆ. ಆ ನೀರಲ್ಲಿ ಗೆರೆ ಎಳೆದರೆ ಅಣಲೆಯ ಒಗರಿಗೆ ಕಬ್ಬಿಣ ತಾಗಿ ಗೆರೆ ಕಪ್ಪಾಗುತ್ತದೆ. ಸುಲಿಯುವವರ ಕೈ ಕಪ್ಪಾಗುವ ಹಾಗೆಯೇ. ಕೆಂಪು ಬೇಕಾದ ಕಡೆ ಪಟಿಕದ ನೀರು ಹಚ್ಚುತ್ತಾರೆ. ಅದು ಕಣ್ಣಿಗೆ ಕಾಣುವುದೇ ಇಲ್ಲ. ಬಟ್ಟೆಯನ್ನು ಕೆಂಪು ಬೇರಿನ ನೀರಲ್ಲಿ ಕುದಿಸಿದಾಗ ಪಟಿಕ ಇದ್ದಲ್ಲಿ ಮಾತ್ರ ಕೆಂಪು ಗಟ್ಟಿಯಾಗಿ ಹಿಡಿಯುತ್ತದೆ. ಉಳಿದ ಕಡೆ ತೊಳೆದರೆ ಹೋಗುತ್ತದೆ. ನೀಲಿಗೆ ನೀಲಿಗಿಡ.

ಹಸಿರಿಗೆ ನೀಲಿಯ ಮೇಲೆ ಹಳದಿ ಹಚ್ಚುತ್ತಿದ್ದರು. ಹಳದಿ ಬಿಸಿಲಿಗೆ ಬೇಗ ಹಾರುತ್ತದೆ. ಅದಕ್ಕೇ ಸಂಗ್ರಹಾಲಯಗಳಲ್ಲಿ ಇರುವ ಹಳೇ ಚೀಟಿಗಳಲ್ಲಿ ಎಷ್ಟೋ ಎಲೆಗಳು ನೀಲಿಯಾಗಿ ಕಾಣುತ್ತವೆ. ಬಿಡಿಸಿದವರು ಹಸಿರನ್ನೇ ಬಿಡಿಸಿದ್ದರು.

ಬಿಳಿಗೋಡೆ (ಅಂಕೋಲಾ)

ಮಾಸ್ತರೇ, ಇದು ಗೊತ್ತಿರಲಿಲ್ಲ. ನಮ್ಮ ಮನೆಯ ಅಡಿಕೆ ಚೀಲದ ಕಲೆ ನೋಡಿದಾಗಲೆಲ್ಲ ಇನ್ನು ನೆನಪಾಗುತ್ತದೆ. ಹಾಗಿದ್ದರೆ ಬೆಳಕು ಕೆಡದ ಹಾಗೆ ಯಾವ ತರಹದ ಅಚ್ಚು ಹಾಕಬಹುದು? ನಾನೂ ಒಂದು ಕೋಣೆಗೆ ನೋಡುತ್ತೇನೆ.

ಮಾಸ್ತರು (ಹೊನ್ನಾವರ)

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೋಡಿದ್ದೀರಲ್ಲ? ಬಿಳೀ ಸುಣ್ಣ, ಅದರ ಮೇಲೆ ಒಂದೇ ಕೆಂಪು. ಇಷ್ಟೇ ಬಣ್ಣದಲ್ಲಿ ದೇವರು, ಬಳ್ಳಿ, ಹಕ್ಕಿ ಎಲ್ಲ ಬಂದಿದೆ. ಕಣ್ಣಿಗೆ ಭಾರ ಆಗುವುದಿಲ್ಲ.

ಬಟ್ಟೆಯಲ್ಲೂ ಹಾಗೆ ಒಂದು ಜಾತಿ ಇದೆ. ಪ್ಯಾರಿಸ್ ಹತ್ತಿರದ ಜೂಯಿ ಅನ್ನುವ ಊರಲ್ಲಿ ಓಬರ್‌ಕಾಂಫ್ ಎಂಬವನು 1760ರಲ್ಲಿ ಅಚ್ಚಿನ ಕಾರ್ಖಾನೆ ತೆರೆದ. ಅಲ್ಲಿಂದ ಬಂದದ್ದು ತ್ವಾಲ್ ದ ಜೂಯಿ. ಕೆನೆ ಬಣ್ಣದ ಬಟ್ಟೆ, ಮೇಲೆ ಒಂದೇ ಬಣ್ಣ, ಕೆಂಪು ಇಲ್ಲವೇ ನೀಲಿ. ಮರದ ಕೆಳಗೆ ಕುರಿ ಕಾಯುವವರು, ತೊರೆ, ದೋಣಿ, ಇಂಥ ಚಿತ್ರ. ಈಗ ಅದೇ ಧಾಟಿಯ ಬಟ್ಟೆಯನ್ನು ಎಷ್ಟೋ ಕಡೆ ಅಚ್ಚು ಮಾಡುತ್ತಾರೆ. ಕೆಂಪು ನೆಲದ ಮನೆಗೆ ಕಾವಿ ಕೆಂಪಿನ ತ್ವಾಲ್ ಹಾಕಿ ನೋಡಿ. ನೆಲದ ಬಣ್ಣವೇ ಎದ್ದು ಕಿಟಕಿಗೆ ಬಂದ ಹಾಗೆ ಇರುತ್ತದೆ. ಬಿಳಿ ಜಾಸ್ತಿ ಇರುವುದರಿಂದ ಬೆಳಕೂ ಕೆಡುವುದಿಲ್ಲ.

ಜೈಪುರ ಹತ್ತಿರದ ಸಾಂಗಾನೇರ್ ಅಚ್ಚೂ ಒಳ್ಳೆಯದು, ಬಿಳೀ ಬಟ್ಟೆಯ ಮೇಲೆ ಸಣ್ಣ ಸಣ್ಣ ಹೂಗೊಂಚಲು. ಅಲ್ಲೇ ಹತ್ತಿರದ ಬಗ್ರು ಊರಿನ ಅಚ್ಚು ಸ್ವಲ್ಪ ಮಣ್ಣಿನ ಬಣ್ಣದ್ದು. ಕಚ್ಛದ ಅಜ್ರಖ್ ಅಚ್ಚು ಗಾಢ ನೀಲಿ, ಕೆಂಪು. ಅದನ್ನು ಕತ್ತಲೆ ಮನೆಯ ಕಿಟಕಿಗೆ ಹಾಕಬೇಡಿ, ಮಂಚಕ್ಕೆ ಹಾಸಿ.

ಕಾಳಿದಂಡೆ (ಕಾರವಾರ)

ನಾನು ಹಾಕಿರುವುದು ಇಂಗ್ಲೆಂಡಿನ ವಿನ್ಯಾಸಗಾರ ವಿಲಿಯಂ ಮಾರಿಸ್ ಮಾದರಿಯದ್ದು. ಸ್ಟ್ರಾಬೆರಿ ಥೀಫ್ ಅಂತ, 1883ರ ವಿನ್ಯಾಸ. ಅವನ ತೋಟದ ಸ್ಟ್ರಾಬೆರಿ ಹಣ್ಣನ್ನು ಹಕ್ಕಿಗಳು ಕದಿಯುತ್ತಿದ್ದವಂತೆ. ಅದನ್ನೇ ಬಟ್ಟೆಗೆ ತಂದ. ಇಡೀ ಬಟ್ಟೆಯನ್ನು ನೀಲಿಯಲ್ಲಿ ಅದ್ದಿ, ಬೇಕಾದ ಕಡೆ ನೀಲಿ ತೆಗೆದು, ಆ ಜಾಗಕ್ಕೆ ಕೆಂಪು, ಹಳದಿ ತುಂಬಿಸುವ ದೊಡ್ಡ ಕೆಲಸ ಅದು. ನನ್ನದು ಈಗಿನ ಮಷಿನ್ ಅಚ್ಚು. ಆದರೂ ನಮ್ಮ ಹಿತ್ತಲಿನ ಪೇರಲೆ ಹಣ್ಣಿಗೆ ಪಿಕಳಾರ ಬಂದು ಕೂರುವುದನ್ನು ನೋಡುವಾಗ ಒಳಗಿನ ಕುಶನ್, ಹೊರಗಿನ ಹಕ್ಕಿ ಎರಡೂ ಒಂದೇ ಅನಿಸುತ್ತದೆ. ನಾನು ಅದನ್ನು ಆರಿಸಿದ್ದು ಅದಕ್ಕೇ. ಎರಡು ಕುಶನ್, ಒಂದು ಕುರ್ಚಿ. ಅಷ್ಟೇ. ಸೋಫಾ ಖಾಲಿ ಬೂದು ಬಣ್ಣ.

ಹೊಸಗೂಡು (ಕಾರವಾರ)

ನಾವು ಬಾಡಿಗೆಯ ಎರಡು ಕೋಣೆಯ ಮನೆಯಲ್ಲಿ ಇದ್ದೇವೆ. ಮೊಳೆ ಹೊಡೆಯುವ ಹಾಗೂ ಇಲ್ಲ. ಇಷ್ಟು ಸಣ್ಣ ಜಾಗಕ್ಕೆ ದೊಡ್ಡ ಹೂವು ಆಗುತ್ತದಾ? ಮತ್ತೆ, ಹತ್ತಿಯೇ ಯಾಕೆ ಬೇಕು? ನಾನು ಪಾಲಿಯೆಸ್ಟರ್ ಪರದೆ ಹಾಕಿದ್ದೇನೆ. ಜುಲೈನಲ್ಲಿ ತೊಳೆದರೂ ಫ್ಯಾನಿನ ಕೆಳಗೆ ರಾತ್ರಿಯೊಳಗೆ ಒಣಗುತ್ತದೆ. ಬಣ್ಣವೂ ಹೋಗಿಲ್ಲ.

ಕಾಳಿದಂಡೆ (ಕಾರವಾರ)

ಒಣಗುವ ವಿಷಯದಲ್ಲಿ ನಿಮ್ಮ ಮಾತು ನಿಜ. ನಮ್ಮ ಅಡಿಗೆಮನೆ ಕಿಟಕಿಗೂ ಪಾಲಿಯೆಸ್ಟರೇ ಇದೆ. ಒಗ್ಗರಣೆಯ ಜಿಡ್ಡಿಗೆ ವಾರಕ್ಕೊಮ್ಮೆ ತೊಳೆಯಬೇಕಲ್ಲ. ಆದರೆ ಕೂರುವ, ಮಲಗುವ ಜಾಗಕ್ಕೆ ಬೇಡ. ಮೇ ತಿಂಗಳ ಸೆಖೆಯಲ್ಲಿ ಅದು ಮೈಗೆ ಅಂಟುತ್ತದೆ. ಬೆವರು ಹೀರುವುದಿಲ್ಲ.

ಸಣ್ಣ ಜಾಗಕ್ಕೆ ದೊಡ್ಡ ಹೂವು ಧಾರಾಳವಾಗಿ ಆಗುತ್ತದೆ. ಒಂದೇ ಕಡೆ ಇರಬೇಕು, ಅಷ್ಟೇ. ಸಣ್ಣ ಕೋಣೆಗೆ ಸಣ್ಣ ಹೂವು ಅಂತ ಎಲ್ಲ ಕಡೆ ಸಣ್ಣ ಹೂವು ತುಂಬಿದರೆ ಕಣ್ಣಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ಮಂಚದ ತಲೆಯ ಕಡೆ ಒಂದು ದೊಡ್ಡ ಹೂಬಳ್ಳಿಯ ಬಟ್ಟೆ ಇಳಿಬಿಡಿ. ಮೊಳೆ ಬೇಡ. ಮೇಲಿನ ಅಂಚಿಗೆ ಕೋಲು ತೂರಿಸಿ, ಕೋಲನ್ನು ಕಪಾಟಿನ ತಲೆಗೂ ಕಿಟಕಿಯ ಸರಳಿಗೂ ದಾರದಿಂದ ಕಟ್ಟಿ. ಬೇರೆ ಮನೆಗೆ ಹೋಗುವಾಗ ಸುತ್ತಿಕೊಂಡು ಹೋಗಬಹುದು.

ಹೊಲಿಗೆಯವ (ಕುಮಟಾ)

ನಾನು 22 ವರ್ಷದಿಂದ ಹೊಲಿಗೆ ಮಾಡುತ್ತಿದ್ದೇನೆ. ನಮ್ಮ ಹತ್ತಿರ ಬರುವವರು ಹೆಚ್ಚಿನವರು ಬಟ್ಟೆ ಕಮ್ಮಿ ತರುತ್ತಾರೆ. ಆಮೇಲೆ ಅದೇ ಹೂವು ಸಿಗುವುದಿಲ್ಲ. ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ.

ಕಿಟಕಿ ಅಗಲ 4 ಅಡಿ, ಅಂದರೆ 48 ಇಂಚು. ನೆರಿಗೆ ಚಂದ ಬರಲು ಅದರ ಎರಡು ಪಟ್ಟು ಬೇಕು, 96 ಇಂಚು. ಅಂಗಿ ಬಟ್ಟೆಯ ಹಾಗಿನ ಹತ್ತಿ 44 ಇಂಚು ಪನ್ನ, ಅಂದರೆ ಅಗಲ ಇರುತ್ತದೆ. ಅಂಚು ಮಡಚಿದರೆ 42. ಎರಡು ತುಂಡಿಗೆ 84 ಮಾತ್ರ ಆಗುತ್ತದೆ. ಹಾಗಾಗಿ ಮೂರು ತುಂಡು ತೆಗೆದು, ಒಂದನ್ನು ಉದ್ದಕ್ಕೆ ಸೀಳಿ ಎರಡೂ ಕಡೆ ಸೇರಿಸಬೇಕು. ಇನ್ನು ಉದ್ದ. ಪರದೆ 60 ಇಂಚು ಇಳಿಯಬೇಕು ಅಂದರೆ ಮೇಲೆ 4, ಕೆಳಗೆ 6 ಮಡಿಕೆಗೆ, ತೊಳೆದಾಗ ಕುಗ್ಗುವುದಕ್ಕೆ ಇನ್ನೊಂದು 3. ಒಟ್ಟು 73. ಮೂರು ತುಂಡಿಗೆ 219 ಇಂಚು, ಐದೂವರೆ ಮೀಟರ್ ಚಿಲ್ಲರೆ.

ಇಲ್ಲಿಗೇ ನಿಲ್ಲಿಸಿದರೆ ಮೋಸ ಹೋದಿರಿ. ಅಚ್ಚಿನ ಬಟ್ಟೆಯಲ್ಲಿ ಒಂದು ಹೂವು ಮತ್ತೆ ಬರಲು ಎಷ್ಟು ಇಂಚು ಅಂತ ನೋಡಬೇಕು. 16 ಇಂಚಿಗೆ ಒಮ್ಮೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಎಲ್ಲ ತುಂಡೂ ಒಂದೇ ಹೂವಿನಿಂದ ಶುರುವಾದರೆ ಮಾತ್ರ ಜೋಡಣೆಯಲ್ಲಿ ಬಳ್ಳಿ ಮುರಿಯುವುದಿಲ್ಲ. 16ರ ಲೆಕ್ಕದಲ್ಲಿ 73ರ ನಂತರ ಬರುವುದು 80. ಮೂರು ತುಂಡಿಗೆ 240 ಇಂಚು, ಆರು ಮೀಟರಿಗೂ ಸ್ವಲ್ಪ ಜಾಸ್ತಿ. ಈ ಅರ್ಧ ಮೀಟರನ್ನೇ ಎಲ್ಲರೂ ಬಿಡುವುದು. ಅದು ದಂಡ ಅಲ್ಲ, ಉಳಿದ ಚೂರಿನಲ್ಲಿ ದಿಂಬಿಗೆ ಪಟ್ಟಿ ಮಾಡಿಕೊಡುತ್ತೇವೆ.

ಹಕ್ಕಿ, ಮರ ಇರುವ ಬಟ್ಟೆಗೆ ಮೇಲು ಕೆಳಗು ಇರುತ್ತದೆ. ಅಡ್ಡ ಹಾಕಿ ಬಟ್ಟೆ ಉಳಿಸಲು ಆಗುವುದಿಲ್ಲ. ಕುಶನ್ 16 ಇಂಚಿನದ್ದಾದರೆ ಕವರನ್ನೂ ಹೊಲಿದ ಮೇಲೆ 16ಕ್ಕೇ ನಿಲ್ಲಿಸಿ, ದೊಡ್ಡದು ಮಾಡಬೇಡಿ. ತುಂಬಿ ನಿಂತರೆ ಹೂವು ಅರಳಿದ ಹಾಗೆ ಕಾಣುತ್ತದೆ. ಮತ್ತೆ ಕತ್ತರಿ ಹಾಕುವ ಮೊದಲು ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಲೇಬೇಕು. ಅಸ್ತರಿನ ಬಟ್ಟೆಯನ್ನೂ ಕೂಡ. ಅದು ಒಂದು ಕುಗ್ಗಿ ಇದು ಒಂದು ಕುಗ್ಗಿದರೆ ಪರದೆ ಸೊಟ್ಟಗಾಗುತ್ತದೆ.

ಅಂಗಳದಮನೆ (ಶಿರಸಿ)

ಅಣ್ಣ, ಬರೆದುಕೊಂಡೆ. ಕೈ ಅಚ್ಚೋ ಮಷಿನ್ ಅಚ್ಚೋ ಅಂತ ಅಂಗಡಿಯಲ್ಲಿ ನಿಂತು ಹೇಗೆ ಗುರುತು ಹಿಡಿಯುವುದು? ಎಲ್ಲರೂ ಕೈ ಅಚ್ಚು ಅಂತಲೇ ಹೇಳುತ್ತಾರೆ.

ಹೊಲಿಗೆಯವ (ಕುಮಟಾ)

ತಿರುಗಿಸಿ ನೋಡಿ. ಕೈ ಅಚ್ಚಾದರೆ ಹಿಂದೆಯೂ ಬಣ್ಣ ಇಳಿದಿರುತ್ತದೆ, ಒಂದು ಕಡೆ ಜಾಸ್ತಿ, ಒಂದು ಕಡೆ ಕಮ್ಮಿ. ಮರದ ಅಚ್ಚು ಒತ್ತುವಾಗ ಗೆರೆಗೆ ಒಂದು ಅಚ್ಚು, ತುಂಬುವುದಕ್ಕೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚು. ಎಷ್ಟೇ ಪಳಗಿದ ಕೈಯಾದರೂ ಎಲ್ಲೋ ಒಂದು ಕಡೆ ಬಣ್ಣ ಗೆರೆ ದಾಟುತ್ತದೆ. ಅಚ್ಚಿಗೆ ಅಚ್ಚು ಸೇರುವಲ್ಲಿ ಸಣ್ಣ ಕಪ್ಪು ಜಾಸ್ತಿ ಬೀಳುತ್ತದೆ. ನಿಮ್ಮ ಅಮ್ಮಮ್ಮನ ಗುಲಾಬಿಯ ದಂಟು ಎರಡು ಸಲ ಬಿದ್ದಿದೆ ಅಂದಿರಲ್ಲ, ಅದು ಕೈಯ ಗುರುತು ಇರಬಹುದು. ಆದರೆ ಹಳೇ ಗಿರಣಿ ಬಟ್ಟೆಯಲ್ಲೂ ಬಣ್ಣ ಸರಿದದ್ದು ನೋಡಿದ್ದೇನೆ. ಒಂದು ಮೀಟರ್ ಹರಡಿ ನೋಡಬೇಕು. ಮಷಿನಿನ ತಪ್ಪಾದರೆ ಅಷ್ಟಷ್ಟೇ ದೂರಕ್ಕೆ ಅದೇ ತಪ್ಪು ಮತ್ತೆ ಮತ್ತೆ ಬರುತ್ತದೆ. ಕೈ ತಪ್ಪು ಒಮ್ಮೆ ಬಂದ ಹಾಗೆ ಇನ್ನೊಮ್ಮೆ ಬರುವುದಿಲ್ಲ.

ಯಲ್ಲಾಪುರದವಳು

ಇಷ್ಟೆಲ್ಲ ದೂರದ ಊರಿನ ಬಟ್ಟೆ ಮಾತಾಡಿದ್ದೀರಿ. ನಮ್ಮ ಜಿಲ್ಲೆಯ ಒಳಗೇ ಇರುವುದನ್ನೂ ನೆನಪಿಸುತ್ತೇನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ನೋಡಿದ್ದೀರಾ? ಹಳೇ ಸೀರೆ, ಲಂಗ, ಅಂಗಿ ಎಲ್ಲದರ ತುಂಡು ಸೇರಿಸಿದ ಕೌದಿ. ಅಚ್ಚಿನ ಬಟ್ಟೆ ಹಳತಾಗಿ ಚಂದ ಆಗುವುದು ಅದರಲ್ಲಿ.

ನಾನು ಒಬ್ಬರ ಜಗುಲಿಯಲ್ಲಿ ಕೂತು ಇಡೀ ಮಧ್ಯಾಹ್ನ ನೋಡಿದೆ. ಕೆಳಗೆ ಒಂದು ಹಳೇ ಸೀರೆ ಹಾಸಿಕೊಂಡಿದ್ದರು. ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಉದ್ದಕ್ಕೂ ತುಂಡು ಹಚ್ಚುತ್ತಾ, ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ. ತುಂಡಿನ ಅಂಚನ್ನು ಬೆರಳಲ್ಲೇ ಒಳಗೆ ಮಡಚುತ್ತಾರೆ, ಇಸ್ತ್ರಿ ಇಲ್ಲ, ಗುರುತು ಇಲ್ಲ. ಹೊಲಿಗೆ ಅಕ್ಕಿಕಾಳಿನ ಹಾಗೆ, ಸಾಲು ಸಾಲು. ನೀಲಿ ಚುಕ್ಕಿಯ ಲಂಗದ ತುಂಡಿನ ಪಕ್ಕ ಹಳದಿ ಹೂವಿನ ಸೀರೆ ಇಟ್ಟರು. ಸ್ವಲ್ಪ ನೋಡಿ ತೆಗೆದರು. ಕೆಂಪು ಇಟ್ಟರು. ತಲೆಯಾಡಿಸಿ ಹೊಲಿದರು. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಪದರ ಪದರವಾಗಿ ಇಟ್ಟ ಫೂಲ, ಅಂದರೆ ಹೂವು. ಅದು ಇಲ್ಲದಿದ್ದರೆ ಕವಂದಿ ಮುಗಿದ ಹಾಗಲ್ಲ.

ಅಂಗಳದಮನೆಯವರೇ, ನಿಮ್ಮ ಹಳೇ ಮಂಚಕ್ಕೆ ಹೊಸ ಹೂವಿನ ಬೆಡ್‌ಶೀಟ್ ಬೇಡ. ನಿಮ್ಮ ಅಮ್ಮಮ್ಮನ ಹಳೇ ಸೀರೆಗಳಿದ್ದರೆ ಕೊಟ್ಟು, ಕೂಲಿ ಸರಿಯಾಗಿ ಕೊಟ್ಟು, ಕವಂದಿ ಹೊಲಿಸಿ. ಚೌಕಾಸಿ ಮಾತ್ರ ಮಾಡಬೇಡಿ. ವಾರಗಟ್ಟಲೆ ಕೂತು ಮಾಡುವ ಕೆಲಸ.

ಅಂಗಳದಮನೆ (ಶಿರಸಿ)

ಅಕ್ಕ, ಸೀರೆ ಇವೆ! ಹದಿನಾಲ್ಕು. ಹರಿದವು ಅಂತ ಆಯಿ ಒರೆಸುವ ಬಟ್ಟೆ ಮಾಡಲು ಇಟ್ಟಿದ್ದರು. ಇವತ್ತೇ ಎತ್ತಿಟ್ಟೆ.

ಬೇರೆ ಒಂದು ಅನಾಹುತ ಮಾಡಿಕೊಂಡೆ. ಬೆಂಚಿಗೆ ಅಂತ ಕೆಂಪು ಹೂವಿನ ಬಟ್ಟೆ ಕೊಂಡಿದ್ದೆ. ಅಂಗಡಿಯವರು ಬಣ್ಣ ಗಟ್ಟಿ ಅಂದರು. ಒದ್ದೆ ಇರುವಾಗಲೇ ಬಿಳೀ ಹಾಸಿಗೆ ಕವರಿನ ಮೇಲೆ ಹರಡಿಬಿಟ್ಟೆ. ಕವರ್ ಪೂರ್ತಿ ಗುಲಾಬಿ ಬಣ್ಣ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೌದಾ?

ಹೊಲಿಗೆಯವ (ಕುಮಟಾ)

ಇಲ್ಲ. ಅಚ್ಚು ಹಾಕುವಾಗ ಹಿಡಿಯದ ಬಣ್ಣ ಆಮೇಲೆ ಉಪ್ಪಿಗೂ ಹಿಡಿಯುವುದಿಲ್ಲ, ವಿನೆಗರಿಗೂ ಹಿಡಿಯುವುದಿಲ್ಲ. ಹೆಚ್ಚಾಗಿ ಇರುವ ಬಣ್ಣ ತೊಳೆದು ಹೋಗಬೇಕು, ಅಷ್ಟೇ. ಬೇರೆ ಬಕೆಟ್ಟಿನಲ್ಲಿ ತಣ್ಣೀರಲ್ಲಿ ಮೂರು ನಾಲ್ಕು ಸಲ ತೊಳೆಯಿರಿ, ನೀರು ತಿಳಿಯಾಗುವವರೆಗೆ. ಆಮೇಲೆ ಒದ್ದೆ ಬಿಳೀ ಬಟ್ಟೆಯಿಂದ ಉಜ್ಜಿ ನೋಡಿ. ಇನ್ನೂ ಬಿಟ್ಟರೆ ಬೆಂಚಿಗೆ ಹಾಕಬೇಡಿ, ಕೂತವರ ಪಂಚೆಗೆ ಹತ್ತುತ್ತದೆ. ಕೊಳ್ಳುವ ಮೊದಲೇ ಹೀಗೆ ಕರವಸ್ತ್ರ ಒದ್ದೆ ಮಾಡಿ ಮೂಲೆಯಲ್ಲಿ ಉಜ್ಜಬೇಕು. ಬೇಡ ಅನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ.

ಕಾಳಿದಂಡೆ (ಕಾರವಾರ)

ಮಳೆ ಶುರುವಾಗುವ ಹೊತ್ತಾಯಿತು. ತಂಗಿ, ನೆನಪಿಟ್ಟುಕೋ. ಎತ್ತಿಡುವ ಬಟ್ಟೆಗೆ ಗಂಜಿ ಹಾಕಬಾರದು. ಗಂಜಿ ಅಂದರೆ ಬೂಷ್ಟಿಗೆ ಊಟ, ಹುಳಕ್ಕೂ ಊಟ. ಅಂಗಡಿಯಿಂದ ತಂದ ಹೊಸ ಬಟ್ಟೆಯಲ್ಲೂ ಗಂಜಿ ಇರುತ್ತದೆ, ತೊಳೆದು ತೆಗೆದೇ ಇಡಬೇಕು. ಬಚ್ಚಲ ಒಲೆ ಮೇಲಿನ ಗಳದಲ್ಲಿ ಒಣಗಿಸಿದರೆ ಹೊಗೆ ವಾಸನೆ ಕೂರುತ್ತದೆ, ಪರವಾಗಿಲ್ಲ, ಆದರೆ ಬಿಳಿ ಹಳದಿಯಾಗುತ್ತದೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಮಡಚು. ಬಿಸಿ ಇರುವಾಗಲೇ ಮಡಚಿದರೆ ಒಳಗೆ ಬೆವರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡ. ಲಾವಂಚದ ಬೇರು ಇಡು, ನಿನ್ನ ಅಮ್ಮಮ್ಮನ ಹಾಗೆ.

ಪರದೆ ಎರಡು ಜೊತೆ ಮಾಡಿಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಳು ಬಿಳಿ. ನವರಾತ್ರಿಗೆ ಹೂವು ಹೊರಗೆ ಬರಲಿ.

ಬಿಳಿಗೋಡೆ (ಅಂಕೋಲಾ)

ಕೊನೆಗೂ ನನ್ನ ಬಿಳೀ ಪರದೆಗೆ ನಾಲ್ಕು ತಿಂಗಳು ಸಿಕ್ಕಿತು. ಸಂತೋಷ.

ಅಂಗಳದಮನೆ (ಶಿರಸಿ)

ದೀಪಾವಳಿ ಮುಗಿಯಿತು. ಆರು ತಿಂಗಳ ನಂತರ ಬರೆಯುತ್ತಿದ್ದೇನೆ.

ಮಳೆಗಾಲ ಪೂರ್ತಿ ಕಿಟಕಿಗೆ ಬಿಳಿಯೇ ಇತ್ತು. ಹೂವಿನ ಪರದೆ ಎರಡೇ ಮಾಡಿಸಿದೆ, ಕಾವಿ ಕೆಂಪಿನ ತ್ವಾಲ್. ಜಗುಲಿಯ ಎರಡು ಕಿಟಕಿಗೆ. ಕುಮಟಾದ ಅಣ್ಣ ಹೇಳಿದ ಲೆಕ್ಕದಲ್ಲೇ ತಂದೆ, ಬಳ್ಳಿ ಎಲ್ಲೂ ಮುರಿದಿಲ್ಲ. ಮಾಸ್ತರು ಹೇಳಿದ ಹಾಗೆಯೇ ಆಯಿತು. ಬೆಳಿಗ್ಗೆ ಎಂಟರ ಬಿಸಿಲಲ್ಲಿ ಪರದೆಯ ಕೆಂಪು ಯಾವುದು, ನೆಲದ ಕೆಂಪು ಯಾವುದು ಅಂತ ಗೊತ್ತಾಗುವುದಿಲ್ಲ. ಆರಾಮ ಕುರ್ಚಿಗೆ ಸಾಂಗಾನೇರ್ ಸಣ್ಣ ಹೂವು. ಬೆಂಚಿಗೆ ಹೂವು ಬೇಡ ಅಂತ ತೀರ್ಮಾನಿಸಿದೆ. ಬಣ್ಣ ಬಿಟ್ಟ ಆ ಕೆಂಪು ಬಟ್ಟೆ ಐದನೇ ತೊಳೆತಕ್ಕೆ ನಿಂತಿತು. ಅದು ಈಗ ಹೊಲಿಗೆ ಮಷಿನಿನ ಮುಸುಕು.

ಅಡಿಗೆಮನೆ ಗೋಡೆಯ ಗೂಟಕ್ಕೆ ನೇತುಹಾಕಿದ್ದ ಒಂದು ಕೈಚೀಲ ಮಾತ್ರ ಬೂಷ್ಟು ಹಿಡಿಯಿತು. ಅದಕ್ಕೆ ನಾನೇ ಗಂಜಿ ಹಾಕಿದ್ದೆ.

ಕವಂದಿ ಮೊನ್ನೆ ಬಂತು. ಮಂಚದ ಮೇಲೆ ಹಾಸಿ ಆಯಿಯನ್ನು ಕರೆದೆ. ಅವರು ಸುಮ್ನೆ ನಿಂತು ನೋಡಿದರು. ಆಮೇಲೆ ಬಗ್ಗಿ ಒಂದೊಂದೇ ತುಂಡು ಮುಟ್ಟಿ ಹೇಳುತ್ತಾ ಹೋದರು. "ಇದು ಜಾತ್ರೆಯಲ್ಲಿ ತಂದದ್ದು. ಇದು ನಿನ್ನ ಮಾವನ ಮುಂಜಿಯದ್ದು. ಇದನ್ನು ಉಟ್ಟುಕೊಂಡು ಅಮ್ಮ ಅಡಿಕೆ ಸುಲಿಯುತ್ತಿದ್ದಳು, ನೋಡು ಚೊಗರು." ನಿಜವಾಗಿಯೂ ಇತ್ತು, ನೀಲಿ ಹೂವಿನ ಪಕ್ಕ ಒಂದು ಹಿಡಿಯಷ್ಟು ಗಟ್ಟಿ ಕಂದು ಕಲೆ. ಹೊಲಿದವರು ಆ ತುಂಡನ್ನು ಬಿಸಾಡದೆ ಸರಿಯಾಗಿ ನಡುವಿಗೆ ಇಟ್ಟಿದ್ದರು.

ತ್ವಾಲ್ ಬಟ್ಟೆ ಮುಕ್ಕಾಲು ಮೀಟರ್ ಉಳಿದಿದೆ. ಎರಡು ಕುಶನ್ ಆಗುತ್ತದೆ. ಹೊಸಗೂಡಿನವರೇ, ನಿಮಗೆ ಬೇಕಾದರೆ ಹೇಳಿ. ಮುಂದಿನ ವಾರ ಕಾರವಾರಕ್ಕೆ ಬರುವುದಿದೆ, ತಂದುಕೊಡುತ್ತೇನೆ.

ಹೊಸಗೂಡು (ಕಾರವಾರ)

ಬೇಕು! ಕುಶನ್ 16 ಇಂಚಿನದ್ದು. ಕತ್ತರಿ ಹಾಕುವ ಮೊದಲು ನೆನೆಸಿದ್ದೀರಾ, ಇಲ್ಲ ನಾನೇ ನೆನೆಸಬೇಕಾ?

ಅಂಗಳದಮನೆ (ಶಿರಸಿ)

ನೆನೆಸಿ, ಒಣಗಿಸಿ, ಆರಿಸಿ ಇಟ್ಟಿದ್ದೇನೆ. ಗಂಜಿ ಹಾಕಿಲ್ಲ.